ಭಾವನ ಬಾನೆಟ್ಟು

ನಮ್ಮ ಮನೆಯ ಹಿತ್ತಲಿನ ಬಟ್ಟೆ ತಂತಿಯ ಮೇಲೆ ನನ್ನ ರವಿಕೆಗಳು, ಅಮ್ಮನ ಸೀರೆ, ಇವುಗಳ ನಡುವೆ ಕ್ಲಿಪ್ಪು ಕಚ್ಚಿಸಿಕೊಂಡು ಒಂದು ಹಳದಿ ಸ್ಪಂಜಿನ ಬಿಲ್ಲೆ ನೇತಾಡುತ್ತಿರುತ್ತದೆ. ಸೆಟ್ ದೋಸೆಯಷ್ಟು ಅಗಲ, ಅದಕ್ಕಿಂತ ಸ್ವಲ್ಪ ದಪ್ಪ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ಅದನ್ನೇ ನೋಡುತ್ತಾ ನಿಂತು, "ಮೇಡಂ, ಇದೇನು ತಿಂಡಿ? ಒಣಗಿಸ್ಬಿಟ್ಟಿದ್ದೀರಲ್ಲ" ಎಂದ. "ತಿಂಡಿ ಅಲ್ಲಪ್ಪ, ಪ್ಯಾಡು" ಎಂದೆ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಅವನು ತಲೆ ತಗ್ಗಿಸಿ, ಖಾಲಿ ಸಿಲಿಂಡರನ್ನು ಹೆಗಲಿಗೇರಿಸಿ, ಗೇಟು ಕೂಡ ಹಾಕದೆ ಹೊರಟುಹೋದ.

ಅವನಿಗೆ ವಿವರಿಸಲು ಆಗದ್ದನ್ನು ನಿಮಗಾದರೂ ವಿವರಿಸುತ್ತೇನೆ. ಅದು ಕಾರಿಗೆ ಪಾಲಿಶ್ ಹಿಡಿಯುವ ಪ್ಯಾಡು. ನಮ್ಮ ಮನೆಯಲ್ಲಿ ಕಾರಿಲ್ಲ. ನನಗೆ ಕಾರು ಓಡಿಸಲು ಬರುವುದೂ ಇಲ್ಲ. ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾ, ಎಂಬತ್ತು ದಾಟಿದ ಅಮ್ಮನ ಜೊತೆ ಇರುವವಳು ನಾನು. ಮದುವೆ ಎಂಬ ವಿಷಯ ಒಂದೆರಡು ಸಲ ನನ್ನ ಹತ್ತಿರದವರೆಗೂ ಬಂದು, ಕಾಫಿ ಕುಡಿದು, ವಾಪಸ್ಸು ಹೋಯಿತು. ಹೀಗಾಗಿ ನನಗೆ ಮ್ಯಾಚಿಂಗ್ ಎಂದರೆ ಸೀರೆಗೆ ರವಿಕೆ ಕಣ ಹುಡುಕುವುದು ಮಾತ್ರ. ಅದರಲ್ಲಿ ನಾನು ಗಟ್ಟಿಗಿತ್ತಿ ಎಂದೇ ಹೆಸರು. ಶಿಡ್ಲಘಟ್ಟದ ಮ್ಯಾಚಿಂಗ್ ಸೆಂಟರಿನವರು ನಾನು ಸೀರೆಯ ಚುಂಗು ಹಿಡಿದುಕೊಂಡು ಒಳಗೆ ಬರುವುದನ್ನು ಕಂಡರೆ ಊಟಕ್ಕೆ ಎದ್ದುಬಿಡುತ್ತಾರೆ. ಅಂಗಡಿಯ ದೀಪದ ಬೆಳಕನ್ನು ನಾನು ನಂಬುವುದಿಲ್ಲ. ಪ್ರತಿಯೊಂದು ತುಂಡನ್ನೂ ರಸ್ತೆಗೆ ತಂದು, ಬಿಸಿಲಿಗೆ ಹಿಡಿದು, ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಕೇಳಿ, ಆಮೇಲೆ ಬೇಡ ಎನ್ನುತ್ತೇನೆ.

ಇಂಥ ನನಗೆ ಪ್ಯಾಡಿಗೂ ಪೇಸ್ಟಿಗೂ ಮ್ಯಾಚಿಂಗ್ ನೋಡುವ ಗ್ರಹಚಾರ ಒದಗಿದ್ದು ನಮ್ಮ ಭಾವನಿಂದ.

ಭಾವ ಎಂದರೆ ನನ್ನ ಅಕ್ಕ ಸಾವಿತ್ರಿಯ ಗಂಡ, ನಾರಾಯಣರೆಡ್ಡಿ. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತರಾಗಿ ಗೌರಿಬಿದನೂರಿನಲ್ಲಿ ಇದ್ದಾರೆ. ನಿವೃತ್ತಿ ಆದದ್ದು ಕಚೇರಿಯಿಂದ ಮಾತ್ರ. ಮನೆಯಲ್ಲಿ ಈಗಲೂ ಹಾಲಿನ ಪ್ಯಾಕೆಟ್ಟು ಕೂಡ ಅವರ ಪರಿಶೀಲನೆಗೆ ಬಂದ ನಂತರವೇ ಒಲೆ ಹತ್ತುವುದು. ಇಸ್ತ್ರಿ ಮಾಡಿದ ಬಿಳಿ ಅಂಗಿ ಬಿಟ್ಟು ಬೇರೆ ಬಟ್ಟೆಯಲ್ಲಿ ನಾನು ಅವರನ್ನು ಕಂಡಿಲ್ಲ. ನಗು ಕಂಡಿರಬಹುದು, ಖಚಿತವಿಲ್ಲ. ನಿವೃತ್ತಿಯಾದ ಮೇಲೆ ಅವರೊಂದು ಕಪ್ಪು ಕಾರು ಕೊಂಡರು. ಅದರ ಸೀಟಿನ ಪ್ಲಾಸ್ಟಿಕ್ ಕವರನ್ನು ಇನ್ನೂ ತೆಗೆದಿಲ್ಲ, ಅಕ್ಕ ಕೂತರೆ ಸಂಡಿಗೆ ಕರಿದ ಹಾಗೆ ಸದ್ದು. ಒಳಗೆ ಕಡಲೆಕಾಯಿ ತಿನ್ನುವಂತಿಲ್ಲ. ಅಕ್ಕ ಒಮ್ಮೆ ತಿಂದಳಂತೆ. ಭಾವ ಮಂಚೇನಹಳ್ಳಿ ಹತ್ತಿರ ಕಾರು ನಿಲ್ಲಿಸಿ, ಸಿಪ್ಪೆ ಪೂರ್ತಿ ಸಿಗುವವರೆಗೂ ಮುಂದೆ ಹೋಗಲಿಲ್ಲವಂತೆ.

ಕಳೆದ ವರ್ಷ ನೇರಳೆ ಹಣ್ಣಿನ ಕಾಲದಲ್ಲಿ ಇವರಿಬ್ಬರೂ ಒಂದು ಗುಂಪಿನ ಜೊತೆ ಕಾಶಿಗೆ ಹೊರಟರು. ವಿಮಾನ ನಿಲ್ದಾಣ ನಮ್ಮ ಊರಿಗೆ ಹತ್ತಿರವೆಂದು ಕಾರನ್ನು ನಮ್ಮ ಮನೆಯಂಗಳದಲ್ಲಿ ಬಿಟ್ಟರು. ಬಿಡುವ ಮುಂಚೆ ಭಾವ ಅಂಗಳವನ್ನೆಲ್ಲ ಓಡಾಡಿ, ಪಕ್ಕದ ಮನೆಯ ನೇರಳೆ ಮರ ನಮ್ಮ ಕಾಂಪೌಂಡಿನ ಮೇಲೆ ಬಾಗಿರುವ ಜಾಗವನ್ನು ಆರಿಸಿದರು.

"ಇಲ್ಲಿ ಒಳ್ಳೇ ನೆರಳಿದೆ" ಎಂದರು.

"ಕವರ್ ಹಾಕ್ಬಿಡಿ ಭಾವ" ಎಂದೆ.

"ಕವರ್ ಗಾಳಿಗೆ ಉಜ್ಜಿದ್ರೆ ಗೀರು ಬೀಳತ್ತಮ್ಮ. ಹೊಸ ಪೇಂಟು. ನೋಡು ಪದ್ಮ, ಮೇಲೆ ಏನು ಬಿದ್ರೂ ಸರಿ, ಯಾರೂ ಮುಟ್ಟಬಾರ್ದು. ನಾನು ಬಂದು ನೋಡ್ಕೊಳ್ತೀನಿ."

ನಾನು ತಲೆಯಾಡಿಸಿದೆ. ಈ ಸೂಚನೆಯನ್ನು ಅಡುಗೆಮನೆಯಲ್ಲಿದ್ದ ಅಮ್ಮನಿಗೆ ದಾಟಿಸುವುದು ನನಗೆ ಹೊಳೆಯಲಿಲ್ಲ.

ನೇರಳೆ ಹಣ್ಣು ತಿಂದ ಪಿಕಳಾರ ಹಕ್ಕಿಗೆ ಹೊಟ್ಟೆಯಲ್ಲಿ ಏನನ್ನೂ ಹೆಚ್ಚು ಹೊತ್ತು ಇಟ್ಟುಕೊಳ್ಳುವ ಅಭ್ಯಾಸವಿಲ್ಲ. ಎರಡೇ ದಿನದಲ್ಲಿ ಭಾವನ ಬಾನೆಟ್ಟಿನ ಮೇಲೆ ಹೋಳಿ ಹಬ್ಬ ಆಗಿತ್ತು. ನಾನು ಆಜ್ಞಾಧಾರಕಳಾಗಿ ಮುಟ್ಟದೆ ಶಾಲೆಗೆ ಹೋದೆ. ಅವತ್ತು ಒಂಬತ್ತನೆಯ ತರಗತಿಗೆ ಘರ್ಷಣೆಯ ಪಾಠ, ಘರ್ಷಣೆಯ ಅನುಕೂಲಗಳು ಮತ್ತು ಅನಾನುಕೂಲಗಳು. ಸಂಜೆ ಬಂದು ಗೇಟು ತೆಗೆದರೆ ಅಂಗಳದಲ್ಲಿ ಕೆಂಪು ನೀರು ಹರಿದು ನನ್ನ ಚಪ್ಪಲಿಯವರೆಗೆ ಬಂತು. ಅಮ್ಮ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದಳು, ಪಕ್ಕದಲ್ಲಿ ಬಕೆಟ್ಟು.

"ಬಾರೇ, ಬಂದು ನೋಡು. ಒಂದೇ ಒಂದು ಕಲೆ ಇದ್ರೆ ಕೇಳು" ಎಂದಳು.

"ಅಮ್ಮಾ, ಏನಿದು ಕೆಂಪಗೆ?"

"ಇಟ್ಟಿಗೆ ಪುಡಿ ಕಣೇ. ಹಂಗೇ ಹಾಕಿಲ್ಲ, ಜರಡಿ ಹಿಡಿದು ಹಾಕಿದ್ದೀನಿ."

ಜರಡಿ ಹಿಡಿದದ್ದನ್ನು ಆಕೆ ದೊಡ್ಡ ದಾಕ್ಷಿಣ್ಯದ ಹಾಗೆ ಹೇಳಿದಳು. ಕೈಯಲ್ಲಿ ತೆಂಗಿನ ನಾರಿನ ಉಂಡೆ ಇನ್ನೂ ಇತ್ತು.

"ಅದನ್ನ ಯಾಕಮ್ಮ ಮುಟ್ಟಿದೆ?"

"ಅಳಿಯಂದಿರ ಕಾರಿನ ಮೇಲೆ ಹಕ್ಕಿ ಹೇತಿದ್ರೆ ಮನೆ ಮರ್ಯಾದೆ ಏನಾಗ್ಬೇಕು? ಕಬ್ಬಿಣ ತಾನೇ ಅದು? ಕಬ್ಬಿಣಕ್ಕೆ ಇಟ್ಟಿಗೆ ಪುಡೀನೇ."

ಇಲ್ಲಿ ಅಮ್ಮನ ಪರವಾಗಿ ಒಂದೆರಡು ಮಾತು ಹೇಳಬೇಕು. ಅವಳು ಮಂಡಿಕಲ್ ಕಡೆಯ ದೊಡ್ಡ ಕುಟುಂಬದ ಮಗಳು. ಆ ಮನೆಯ ಹಿತ್ತಲಿನಲ್ಲಿ ಬಾವಿಕಟ್ಟೆಯ ಪಕ್ಕ ಒಂದು ಚಪ್ಪಡಿ ಕಲ್ಲಿತ್ತು. ಹಬ್ಬಕ್ಕೆ ವಾರ ಇರುವಾಗ ಅಟ್ಟದ ಮೇಲಿದ್ದ ಪಾತ್ರೆಗಳೆಲ್ಲ ಇಳಿದು ಬಂದು ಆ ಕಲ್ಲಿನ ಸುತ್ತ ಕೂರುತ್ತಿದ್ದವು. ರಜೆಗೆ ಹೋದ ನಾವು ಮಕ್ಕಳು ಕೂಡ ಅವುಗಳ ಎದುರು ಕೂರಬೇಕು. ತಾಮ್ರಕ್ಕೆ ಹುಣಸೆಹಣ್ಣು, ಉಪ್ಪು. ಹಿತ್ತಾಳೆಗೆ ಒಲೆಬೂದಿ. ಕಬ್ಬಿಣದ ಬಾಣಲೆಗೆ ಇಟ್ಟಿಗೆ ಪುಡಿ, ತೆಂಗಿನ ನಾರು. ಬೆಳ್ಳಿ ದೀಪಕ್ಕೆ ಮಾತ್ರ ವಿಭೂತಿ, ಅದೂ ತಾತನ ಹಳೇ ಪಂಚೆಯ ತುಂಡಿನಲ್ಲಿ, ಮಗುವಿನ ಕೆನ್ನೆ ಒರೆಸಿದ ಹಾಗೆ. ಉಜ್ಜಿದ ಚೊಂಬಿನಲ್ಲಿ ಅಮ್ಮ ನಮ್ಮ ಮುಖ ಹಿಡಿದು ತೋರಿಸುತ್ತಿದ್ದಳು. ಬದನೆಕಾಯಿಯಂತೆ ಮೂಗು ಕಂಡರೆ ಪಾಸು. ನಾನು ಪಾಸಾಗುತ್ತಿದ್ದುದು ಕಡಿಮೆ. ಚೊಂಬಿನೊಳಗೆ ಎಷ್ಟು ನಾಲಿಗೆ ಚಾಚಬಹುದು ಎಂಬ ಪ್ರಯೋಗದಲ್ಲೇ ನನ್ನ ಹೊತ್ತು ಹೋಗುತ್ತಿತ್ತು. ಅಮ್ಮನ ಲೆಕ್ಕದಲ್ಲಿ ಲೋಕದ ವಸ್ತುಗಳೆಲ್ಲ ತಾಮ್ರ, ಹಿತ್ತಾಳೆ, ಕಬ್ಬಿಣ, ಬೆಳ್ಳಿ, ಇಷ್ಟರಲ್ಲೇ ಮುಗಿದುಹೋಗಿದ್ದವು. ಕಾರು ಬಂದದ್ದು ಆಮೇಲೆ.

ಕಲೆಯೇನೋ ನಿಜವಾಗಿಯೂ ಇರಲಿಲ್ಲ. ಇದ್ದದ್ದು ಗೀರು. ಅಮ್ಮನ ಕುಳ್ಳ ಕೈ ಎಟುಕಿದಷ್ಟು ಜಾಗ, ಒಂದು ಊಟದೆಲೆಯಷ್ಟು ಅಗಲ, ಬಾನೆಟ್ಟು ಕಪ್ಪು ಬಣ್ಣ ಬಿಟ್ಟು ಸೀಮೆಸುಣ್ಣ ಒರೆಸಿದ ಸ್ಲೇಟಿನಂತಾಗಿತ್ತು. ಸಂಜೆಯ ಬಿಸಿಲು ಬಿದ್ದಾಗ ಅದರೊಳಗೆ ಸುರುಳಿ ಸುರುಳಿಯಾಗಿ ಜೇಡರ ಬಲೆ ಕಂಡಿತು.

"ಮಿಂಚ್ತಾ ಇದೆ ಅಲ್ವಾ?" ಎಂದಳು ಅಮ್ಮ. ಅವಳ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು.

ಭಾವನ ಕೋಪ ನಿಮಗೆ ಗೊತ್ತಿಲ್ಲ. ಅದು ಕೂಗಾಡುವ ಕೋಪವಲ್ಲ. ಒಮ್ಮೆ ಅಕ್ಕನ ಸೀಮಂತದಲ್ಲಿ ಬಡಿಸುವಾಗ ಅವರ ಅಂಗಿಗೆ ಸಾರು ಚೆಲ್ಲಿದ್ದಕ್ಕೆ ನಮ್ಮ ಮನೆಯಲ್ಲಿ ಊಟವನ್ನೇ ಬಿಟ್ಟಿದ್ದರು. ಆ ಮಗು ಶಾಲೆಗೆ ಸೇರಿದ ಮೇಲೆ ಮತ್ತೆ ಎಲೆಯ ಮುಂದೆ ಕುಳಿತದ್ದು. ಅಷ್ಟು ವರ್ಷ ಅಮ್ಮ ಹಬ್ಬ ಹಬ್ಬಕ್ಕೂ ಡಬ್ಬಿಯಲ್ಲಿ ಹೋಳಿಗೆ ಕಳಿಸುವುದು, ಅದು ಅಕ್ಕನ ಕೈಯಲ್ಲಿ ವಾಪಸ್ಸು ಬರುವುದು ನಡೆದಿತ್ತು. ಸಾರಿಗೆ ಅಷ್ಟಾದರೆ ಇಟ್ಟಿಗೆ ಪುಡಿಗೆ ಎಷ್ಟು? ಅಮ್ಮನ ವಯಸ್ಸು ಲೆಕ್ಕ ಹಾಕಿದೆ. ಇನ್ನೊಂದು ಸಲ ಅಷ್ಟು ವರ್ಷ ಕಾಯುವುದು ಅವಳಿಂದಾಗದು. ಭಾವ ಬರುವುದರೊಳಗೆ ಇದನ್ನು ಸರಿ ಮಾಡಲೇಬೇಕು ಎಂದು ತೀರ್ಮಾನಿಸಿದೆ. ಕಾರನ್ನು ಎಲ್ಲಿಗಾದರೂ ಒಯ್ಯೋಣವೆಂದರೆ ಓಡಿಸಲು ಬಾರದು. ಯಾರನ್ನಾದರೂ ಕರೆಸೋಣವೆಂದರೆ ಈ ಸುತ್ತಿನ ಗ್ಯಾರೇಜಿನವರೆಲ್ಲ ಭಾವನ ಪರಿಚಯದವರೇ, ಸುದ್ದಿ ಕಾಶಿಗೆ ಮೊದಲೇ ತಲುಪುತ್ತದೆ.

ಮೊದಲ ಉಪಾಯ ಕೊಬ್ಬರಿ ಎಣ್ಣೆ. ಹಚ್ಚಿದ ಕೂಡಲೇ ಗೀರುಗಳು ಮಾಯ! ನಾನು ಕುಣಿಯುವುದೊಂದು ಬಾಕಿ. ಅದೇ ಹೊತ್ತಿಗೆ ಅಕ್ಕನ ವಿಡಿಯೋ ಕರೆ ಬಂತು.

"ನಿಮ್ಮ ಭಾವಂಗೆ ಕಾರು ನೋಡ್ಬೇಕಂತೆ ಕಣೇ. ಬೆಳಗ್ಗೆ ವಿಶ್ವನಾಥನ ದರ್ಶನ ಆಯ್ತು, ಈಗ ಇದು."

ಧೈರ್ಯವಾಗಿ ತೋರಿಸಿದೆ. ಭಾವ ಫೋನಿಗೆ ಮೂಗು ತಾಗಿಸಿ ನೋಡಿದರು. "ಪರವಾಗಿಲ್ವೇ! ಚಿಕ್ಕಬಳ್ಳಾಪುರದ ಹವಾ ಒಗ್ಗಿದೆ ಅದಕ್ಕೆ" ಎಂದರು.

ಬೆಳಗಾಗುವ ಹೊತ್ತಿಗೆ ಎಣ್ಣೆಗೆ ರಸ್ತೆಯ ಧೂಳೆಲ್ಲ ಅಂಟಿ, ಅದರ ಮೇಲೆ ಇರುವೆ ಸಾಲು ಹೊರಟು, ಬಾನೆಟ್ಟು ಎಣ್ಣೆ ಹಾಕಿಸಿಕೊಂಡು ಸ್ನಾನ ಮರೆತ ತಲೆಯಂತಾಗಿತ್ತು.

ಶಾಲೆಗೆ ಅರ್ಧ ದಿನ ರಜೆ ಹಾಕಿ ಚಿಂತಾಮಣಿಯ ಬಸ್ಸು ಹತ್ತಿದೆ. ಅಲ್ಲಿ ನನ್ನನ್ನಾಗಲಿ ಭಾವನನ್ನಾಗಲಿ ಅರಿಯದ, ಕಾರಿನ ಸಾಮಾನು ಮಾರುವ ಒಂದು ಅಂಗಡಿ ಸಿಕ್ಕಿತು. ಮಾಲೀಕರು ಹುಸೇನ್ ಸಾಹೇಬರು, ಅಲೀಪುರದವರು, ಬಿಳಿ ಗಡ್ಡ, ತುಂಬ ಮರ್ಯಾದಸ್ಥರು. ನಾನು ವಿಷಯವನ್ನು ಸುತ್ತಿ ಬಳಸಿ ಹೇಳಿದೆ: ಒಬ್ಬರ ಕಾರನ್ನು ಇನ್ನೊಬ್ಬರು ತೊಳೆದಿದ್ದಾರೆ.

"ಉಗುರು ಆಡಿಸಿ ನೋಡಿದ್ರಾ ಮೇಡಂ? ಉಗುರು ಸಿಕ್ಕಿಹಾಕ್ಕೊಂಡ್ರೆ ಗೀರು ಆಳ, ಪೇಂಟೇ ಹೊಡೀಬೇಕು. ಜಾರಿದ್ರೆ ಪಾಲಿಶ್ನಲ್ಲಿ ಹೋಗತ್ತೆ" ಎಂದರು.

"ಹೆಚ್ಚಾಗಿ ಜಾರತ್ತೆ. ಅಲ್ಲಲ್ಲಿ ಯೋಚನೆ ಮಾಡತ್ತೆ."

ಅವರು ಪ್ಯಾಡುಗಳನ್ನು ಗಾಜಿನ ಮೇಲೆ ಹರಡಿದರು. ಕುರಿಯ ಬೆನ್ನಿನಂಥ ಉಣ್ಣೆಯದು ಒಂದು, ಹಳದಿ ಸ್ಪಂಜು ಒಂದು, ಕಪ್ಪು ಸ್ಪಂಜು ಒಂದು. ಆಮೇಲೆ ಸಣ್ಣ ಸಣ್ಣ ಬಾಟಲಿಗಳಲ್ಲಿ ಪೇಸ್ಟು. ಕಾಂಪೌಂಡು ಅನ್ನುತ್ತಾರಂತೆ. ವಿಜ್ಞಾನದ ಪುಸ್ತಕದ್ದು ಬಿಟ್ಟರೆ ನಾನು ಕೇಳಿದ ಕಾಂಪೌಂಡು ಅಲ್ಲಿಯವರೆಗೆ ಒಂದೇ, ನೇರಳೆ ಮರ ಬಾಗಿದ್ದು.

"ಇದರಲ್ಲಿ ಯಾವುದಕ್ಕೆ ಯಾವುದು ಮ್ಯಾಚಿಂಗು?" ಎಂದೆ, ಅಭ್ಯಾಸಬಲದಿಂದ ಒಂದು ಪ್ಯಾಡನ್ನು ಎತ್ತಿಕೊಂಡು ರಸ್ತೆಯ ಬಿಸಿಲಿಗೆ ಹೊರಟು.

"ಮೇಡಂ, ಅದು ಬಿಸಿಲಲ್ಲಿ ಗೊತ್ತಾಗಲ್ಲ!" ಎಂದು ಕೂಗಿದರು. ವಾಪಸ್ಸು ಬಂದ ಮೇಲೆ ದನಿ ತಗ್ಗಿಸಿ, "ನಿಜ ಹೇಳ್ಬೇಕಂದ್ರೆ ನಾನು ಮಾರೋದು ಅಷ್ಟೇ. ಒಂದು ಸಲಾನೂ ಉಜ್ಜಿಲ್ಲ. ನನ್ನ ಹತ್ರ ಕಾರಿಲ್ಲ" ಎಂದರು.

"ನನ್ನ ಹತ್ರಾನೂ ಇಲ್ಲ" ಎಂದೆ.

ಇಬ್ಬರಿಗೂ ಒಂದು ಬಗೆಯ ಸ್ನೇಹ ಉಂಟಾಯಿತು. ಅವರು ಟೀ ತರಿಸಿದರು. ಇಬ್ಬರೂ ಕನ್ನಡಕ ಹಾಕಿಕೊಂಡು ಬಾಟಲಿಯ ಹಿಂದಿನ ಸಣ್ಣಕ್ಷರ ಓದಿದೆವು. ಒಂದು ಕಂಪನಿಯ ಹಳದಿ ಒರಟಂತೆ, ಇನ್ನೊಂದು ಕಂಪನಿಯ ಹಳದಿ ಮೆತ್ತಗಂತೆ. ಬಣ್ಣ ನೋಡಿ ನಂಬುವಂತಿಲ್ಲ. ಹುಸೇನ್ ಸಾಹೇಬರು ಮೂರೂ ಪ್ಯಾಡನ್ನು ಒಂದೊಂದಾಗಿ ತಮ್ಮ ಕೆನ್ನೆಗೆ ಉಜ್ಜಿಕೊಂಡು, ಕಣ್ಣು ಮುಚ್ಚಿ, ಒರಟು ಯಾವುದು, ನಯ ಯಾವುದು ಎಂದು ತೀರ್ಪು ಕೊಟ್ಟರು. ನನ್ನ ಕೆನ್ನೆಯ ಅಭಿಪ್ರಾಯವನ್ನೂ ಕೇಳಿದರು. ಅಷ್ಟು ಹೊತ್ತಿಗೆ ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೊರಗಿನಿಂದಲೇ ಹಿಂತಿರುಗಿದರು. ಕೊನೆಗೆ ಮೂರು ಪ್ಯಾಡು, ಮೂರು ಪೇಸ್ಟು, ತಿರುಗುವ ಒಂದು ಮಿಷನ್ನು ಎಲ್ಲವನ್ನೂ ಚೀಲಕ್ಕೆ ಹಾಕಿಸಿಕೊಂಡು ಬಂದೆ.

ನೇರ ಬಾನೆಟ್ಟಿನ ಮೇಲೆ ಕೈಯಿಡುವ ಧೈರ್ಯ ಬರಲಿಲ್ಲ. ಪ್ರಯೋಗಕ್ಕೆ ಅಮ್ಮನ ಗೀರು ತುಂಬಿದ ಹಸಿರು ಕಬ್ಬಿಣದ ಬೀರು ಆರಿಸಿದೆ. ಮಿಷನ್ನನ್ನು ಗಾಳಿಯಲ್ಲಿ ಶುರು ಮಾಡಬಾರದು, ಮೊದಲು ಮೇಲ್ಮೈಗೆ ಒತ್ತಿ ಆಮೇಲೆ ಗುಂಡಿ ಅದುಮಬೇಕು ಎಂದು ಮಿಷನ್ನಿನ ಡಬ್ಬದ ಮೇಲೆ ಬರೆದಿದ್ದನ್ನು ನಾನು ಆಮೇಲೆ ಓದಿದೆ. ಮೊದಲ ಕ್ಷಣದಲ್ಲೇ ಬಿಳಿ ಪೇಸ್ಟು ಸಿಡಿದು ದೇವರ ಫೋಟೋಗಳ ಸಾಲಿಗೆಲ್ಲ ಪಂಚಾಮೃತ ಅಭಿಷೇಕವಾಯಿತು. ಮೆತ್ತನೆಯ ಕಪ್ಪು ಪ್ಯಾಡಿಗೆ ಒರಟು ಪೇಸ್ಟು ಹಾಕಿದೆ. ಉಜ್ಜಿದ ಕಡೆಯೆಲ್ಲ ಬೂದಿ ಬಳಿದಂತಾಯಿತೇ ಹೊರತು ಒಂದು ಗೀರೂ ಅಲ್ಲಾಡಲಿಲ್ಲ. ಉಣ್ಣೆ ಪ್ಯಾಡಿಗೆ ನಯವಾದ ಪೇಸ್ಟು ಹಾಕಿದೆ. ಇದ್ದ ಗೀರಿನ ಜೊತೆಗೆ ಕೂದಲೆಳೆಯಂಥ ಹೊಸ ಗೀರುಗಳು ಸೇರಿಕೊಂಡವು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ, "ಒರಟಿಗೆ ಒರಟು, ನಯಕ್ಕೆ ನಯ. ಇದಕ್ಕೆ ಇಷ್ಟೊಂದು ವಿದ್ಯೆ ಬೇಕಾ?" ಎಂದಳು.

"ಅಷ್ಟು ಗೊತ್ತಿದ್ದವಳು ಕಾರಿಗೆ ಇಟ್ಟಿಗೆ ಯಾಕಮ್ಮ ಹಾಕಿದೆ?"

ಅಮ್ಮ ಈರುಳ್ಳಿ ಹೆಚ್ಚುವುದಿದೆ ಎಂದು ಒಳಗೆ ಹೋದಳು.

ಆದರೂ ಆ ಪ್ರಕಾರ ಮಾಡಿ ನೋಡಿದೆ. ಉಣ್ಣೆಗೆ ಒರಟು ಪೇಸ್ಟು. ಗೀರು ಹೋಯಿತು, ಬದಲಿಗೆ ಜನವರಿಯ ನಂದಿ ಬೆಟ್ಟದಂತೆ ಮಂಜು ಕವಿಯಿತು. ಹಳದಿಗೆ ನಡುತರದ್ದು. ಮಂಜು ತೆಳುವಾಯಿತು. ಕಪ್ಪಿಗೆ ನಯದ್ದು, ಕೈಭಾರ ಹಾಕದೆ. ಬಟ್ಟೆಯಿಂದ ಒರೆಸಿದರೆ ಬೀರುವಿನ ಹಸಿರು ಬಾಗಿಲೊಳಗೆ ನಾನೇ ನಿಂತಿದ್ದೆ, ಕನ್ನಡಕದ ಮೇಲೆ ಪೇಸ್ಟಿನ ಚುಕ್ಕಿಗಳ ಸಮೇತ! ಉತ್ಸಾಹ ತಡೆಯದೆ ಅಂಚಿಗೂ ಒತ್ತಿದೆ. ಅಂಚಿನಲ್ಲಿ ಬಣ್ಣ ತೆಳುವಂತೆ. ಕ್ಷಣದಲ್ಲಿ ಬಣ್ಣ ಕಿತ್ತು ಬೆಳ್ಳಗೆ ತಗಡು ಹಲ್ಲು ಕಿರಿಯಿತು. ಕಾರಿನ ಅಂಚಿಗೆ ಮೊದಲು ಟೇಪು ಅಂಟಿಸಿಕೊಳ್ಳಬೇಕು ಎಂಬುದು ಹೀಗೆ ತಿಳಿಯಿತು. ನೇರಳೆ ಮರದ ಒಡತಿ ಗಿರಿಜಮ್ಮನವರು ಸಕ್ಕರೆ ಸಾಲ ಕೇಳಲು ಬಂದವರು ಬೀರುವಿನ ಮುಂದೆ ನಿಂತು ಜಡೆ ಬಿಚ್ಚಿ ಹೆಣೆದುಕೊಂಡು ಹೋದರು. ಮಾರನೆಯ ದಿನ ಅವರ ಸೊಸೆ ಕುಕ್ಕರು ಹಿಡಿದುಕೊಂಡು ಬಂದಳು. "ಆಂಟಿ, ಇದಕ್ಕೆ ಯಾವ ಪ್ಯಾಡು?" ಅವಳ ಹಿಂದೆ ಇನ್ನೊಬ್ಬರು ಹೆಲ್ಮೆಟ್ಟು ತಂದರು. ಹಾರ್ಮೋನಿಯಂ ಪೆಟ್ಟಿಗೆ ತಂದವರನ್ನು ಗೇಟಿನಲ್ಲೇ ತಡೆದೆ. ಅಂಗಳಕ್ಕೆ ಬಂದರೆ ಬಾನೆಟ್ಟು ಕಾಣುತ್ತದಲ್ಲ.

ಅಷ್ಟರಲ್ಲಿ ಶುಕ್ರವಾರ ಮತ್ತೆ ವಿಡಿಯೋ ಕರೆ. ನಾನು ಕಾರಿನ ಹಿಂಭಾಗ ತೋರಿಸಿದೆ. ಎಡಭಾಗ ತೋರಿಸಿದೆ. ಚಕ್ರವನ್ನು ವಿಸ್ತಾರವಾಗಿ ತೋರಿಸಿದೆ.

"ಮುಂದ್ಗಡೆ ತೋರ್ಸಮ್ಮ" ಎಂದರು ಭಾವ.

"ನೆಟ್‌ವರ್ಕು ಹಿಂದ್ಗಡೇನೇ ಚೆನ್ನಾಗಿದೆ ಭಾವ."

"ಮುಂದ್ಗಡೆ."

ಫೋನು ತಿರುಗಿಸಿದರೆ ಅಲ್ಲಿ ಬಾನೆಟ್ಟೇ ಇಲ್ಲ! ಅಗಲವಾದ ಬಾಳೆ ಎಲೆ, ಅದರ ಮೇಲೆ ರಾಶಿ ಚೆಂಡುಹೂವು, ಅರಿಶಿನ ಕುಂಕುಮ, ಹೊಗೆಯಾಡುವ ಊದುಬತ್ತಿ. ಅಮ್ಮ ಕಣ್ಣು ಮುಚ್ಚಿ ಗಂಟೆ ಆಡಿಸುತ್ತಿದ್ದಳು. ಕಾಶಿಯಲ್ಲಿ ಭಾವ ತಟ್ಟನೆ ಚಪ್ಪಲಿ ಬಿಟ್ಟು ಕೈಮುಗಿದರು. ಅವರ ಹಿಂದೆ ಇದ್ದ ಪ್ರವಾಸದ ಗುಂಪಿನವರೆಲ್ಲ, ಯಾವ ದೇವರೆಂದು ತಿಳಿಯದೆಯೇ, ಕೈಮುಗಿದರು. ಒಬ್ಬ ಅಜ್ಜಿ ಫೋನಿಗೆ ಅಡ್ಡಬಿದ್ದರಂತೆ.

"ದಿನಾ ಮಾಡೋಕೆ ಹೇಳಮ್ಮ" ಎಂದರು ಭಾವ, ಮೆತ್ತಗಿನ ದನಿಯಲ್ಲಿ. ಹಾಗಾಗಿ ದಿನವೂ ಚೆಂಡುಹೂವು ತರಬೇಕಾಯಿತು.

ಭಾನುವಾರ ಬೆಳಿಗ್ಗೆ ಬಾನೆಟ್ಟಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ತೊಳೆದು ಕೆಲಸ ಶುರು ಮಾಡಿದೆ. ಬಾನೆಟ್ಟಿನ ಅಂಚಿಗೆಲ್ಲ ಟೇಪು ಅಂಟಿಸಿ, ಉಣ್ಣೆ ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ಹನಿ ಇಟ್ಟು, ಮೊದಲು ಒತ್ತಿ ಆಮೇಲೆ ಗುಂಡಿ ಅದುಮಿದೆ. ಮೊದಲ ಸುತ್ತಿಗೆ ಕಪ್ಪು ಬಾನೆಟ್ಟು ಪೂರ್ತಿ ಬಿಳಿಚಿಕೊಂಡಿತು. ಬೀರುವಿನಲ್ಲಿ ಕಂಡ ಮಂಜೇ ಇದು ಎಂದು ಬುದ್ಧಿಗೆ ಗೊತ್ತಿದ್ದರೂ ಕಾಲಿಗೆ ಗೊತ್ತಿರಲಿಲ್ಲ. ನೆಲದ ಮೇಲೆ ಕುಳಿತುಬಿಟ್ಟೆ. ಅಮ್ಮ ಮಜ್ಜಿಗೆ ತಂದು ಕೊಟ್ಟು, ಮೊದಲ ಸಲ ಸಣ್ಣ ದನಿಯಲ್ಲಿ, "ಪೋನಿಲೇ, ಹೋಗ್ಲಿ ಬಿಡು. ಬೈದ್ರೆ ನನಗೇ ಬೈತಾರೆ. ನಾನೆಷ್ಟು ದಿನ ಇರ್ತೀನಿ ಬೈಸಿಕೊಳ್ಳೋಕೆ" ಎಂದಳು. ಆ ಮಾತು ಕೇಳಿದ ಮೇಲೆ ಕೂತಿರಲಾಗಲಿಲ್ಲ. ಎದ್ದು ಹಳದಿ ಹಾಕಿದೆ, ಆಮೇಲೆ ಕಪ್ಪು. ಕೈಯೆಲ್ಲ ಜೋಮು ಹಿಡಿದು, ಮಿಷನ್ನು ನಿಲ್ಲಿಸಿದ ಮೇಲೂ ಬೆರಳು ನಡುಗುತ್ತಲೇ ಇತ್ತು. ಒರೆಸಿ ನೋಡಿದರೆ ಬಾನೆಟ್ಟಿನೊಳಗೆ ಆಕಾಶ, ಆಕಾಶದಲ್ಲಿ ನೇರಳೆ ಮರ, ಮರದಲ್ಲಿ ಹೊಟ್ಟೆ ತುಂಬಿದ ಒಂದು ಪಿಕಳಾರ. ಅಮ್ಮ ಕೋಲು ಹಿಡಿದುಕೊಂಡು ಕಾವಲಿಗೆ ಕುಳಿತಳು.

ಭಾವ, ಅಕ್ಕ ಗಂಗೆಯ ತಂಬಿಗೆಗಳೊಂದಿಗೆ ಇಳಿದದ್ದು ಬುಧವಾರ. ಭಾವ ನಮ್ಮನ್ನು ನೋಡಲಿಲ್ಲ. ಬಿಳಿ ಅಂಗಿಯ ತೋಳು ಸರಿಮಾಡಿಕೊಂಡು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದರು. ಬಾನೆಟ್ಟಿನ ಮುಂದೆ ನಿಂತರು. ಬಾಗಿದರು. ಪಕ್ಕದ ಬಾಗಿಲು ನೋಡಿದರು, ಮತ್ತೆ ಬಾನೆಟ್ಟು ನೋಡಿದರು. ಅವರ ಮುಖ ಬಿಗಿಯಿತು.

"ಎಲ್ಲಿ ಗುದ್ದಿದ್ರಿ?" ಎಂದರು.

"ಏನು ಭಾವ?"

"ಇದು ನನ್ನ ಬಾನೆಟ್ಟಲ್ಲ. ಹೊಸಾದು. ಷೋರೂಮಿಂದ ತಂದಾಗ್ಲೂ ಇಷ್ಟು ಮಿಂಚಿರಲಿಲ್ಲ. ಗುದ್ದಿ, ಬೇರೆ ತಂದು ಕೂರಿಸಿದ್ದೀರ. ಅದಕ್ಕೇ ಹೂವು, ಗಂಟೆ. ಯಾರಿಗೇನಾಯ್ತು? ಮನುಷ್ಯರಾ, ದನಾನಾ?"

"ಅಯ್ಯೋ ಭಾವ, ನನಗೆ ಕಾರು ಓಡಿಸೋಕೇ ಬರಲ್ಲ!"

"ಅದಕ್ಕೇ ಗುದ್ದಿದ್ದು."

ನಮ್ಮಮ್ಮ ಹಳೆಯ ಕಾಲದವಳು, ಅಳಿಯನ ಜೊತೆ ಎಂದೂ ನೇರವಾಗಿ ಮಾತಾಡಿದವಳಲ್ಲ. ಬಾಗಿಲ ಮರೆಯಲ್ಲಿ ನಿಂತು ನಮ್ಮ ಮೂಲಕವೇ ಹೇಳಿಸುವುದು. ಈಗಲೂ ಮರೆಯಿಂದ, "ಪದ್ಮಾ, ಯಾರೂ ಗುದ್ದಿಲ್ವಂತೆ ಅಂತ ಹೇಳು" ಎಂದಳು.

"ಗುದ್ದದೆ ಬಾನೆಟ್ಟು ಹೆಂಗೆ ಬದಲಾಯ್ತಂತೆ ಕೇಳು" ಎಂದರು ಭಾವ.

"ಹಕ್ಕಿ ಹೇತಿತ್ತಂತೆ ಅನ್ನು."

"ಹಕ್ಕಿ ಹೇತರೆ ಬಾನೆಟ್ಟು ಬದಲಾಯಿಸ್ತಾರಂತಾ ಕೇಳು."

ಮೂರು ಅಡಿ ದೂರದಲ್ಲಿದ್ದ ಇಬ್ಬರ ನಡುವೆ ನಾನು ಟಪಾಲಿನಂತೆ ಓಡಾಡಿದೆ. ಇದ್ದಕ್ಕಿದ್ದಂತೆ ಬಾಗಿಲು ದಢಾರನೆ ತೆರೆಯಿತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

"ಗುದ್ದಿಲ್ಲ ಕಣಪ್ಪಾ! ತೊಳ್ದೆ! ಇಟ್ಟಿಗೆ ಪುಡಿ ಹಾಕಿ ಉಜ್ದೆ! ಗೀರು ಬಿತ್ತು, ಇವಳು ತೆಗೆದ್ಲು!"

ಅಕ್ಕನ ಕೈಯ ತಂಬಿಗೆ ವಾಲಿ ಗಂಗೆ ಚೆಲ್ಲಿತು.

"ಇಟ್ಟಿಗೆ ಪುಡಿ" ಎಂದರು ಭಾವ ನನ್ನ ಕಡೆ ತಿರುಗಿ. "ನಂಬೋ ಹಂಗೆ ಏನಾದ್ರೂ ಹೇಳಮ್ಮ."

ಸುಳ್ಳುಗಾರ್ತಿ ಅನ್ನಿಸಿಕೊಳ್ಳುವುದು ಅಮ್ಮನಿಗೆ ಆಗದು. ನಾನು ತಡೆಯುವುದರೊಳಗೆ ಬಕೆಟ್ಟು, ನಾರು, ಪುಡಿ ತಂದು, ಕಾರಿನ ಹಿಂದಿನ ಬಾಗಿಲಿಗೆ ಅಂಗೈಯಗಲ ಜಾಗದಲ್ಲಿ ಕರಕರಕರನೆ ಉಜ್ಜಿ ತೋರಿಸಿದಳು. "ಹಿಂಗೆ!" ಎಂದಳು.

"ದೇವುಡಾ!" ಎಂದು ಭಾವ ಕಾಂಪೌಂಡಿಗೆ ಒರಗಿದರು. ಅವರ ಬಿಳಿ ಅಂಗಿಗೂ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸ ಉಳಿಯಲಿಲ್ಲ.

ನಾನು ಮಿಷನ್ನು ತಂದೆ. ಉಣ್ಣೆ ಹಾಕಿದೆ, ಹಳದಿ ಹಾಕಿದೆ, ಕಪ್ಪು ಹಾಕಿದೆ, ಒರೆಸಿದೆ. ಭಾವ ಮೆಲ್ಲಗೆ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತು, ಕನ್ನಡಕ ಹಣೆಗೇರಿಸಿ, ಆ ಅಂಗೈಯಗಲ ಜಾಗ ನೋಡಿದರು. ಅದರಲ್ಲಿ ಅವರ ಮುಖ ಕಾಣುತ್ತಿತ್ತು. ಸುತ್ತಲಿನ ಬಾಗಿಲಲ್ಲಿ ಅದೇ ಮುಖ ಮಸುಕಾಗಿತ್ತು. ಬೆರಳಿನಿಂದ ಎರಡರ ಗಡಿಯನ್ನು ಸವರಿದರು. ಬಯ್ಯಲು ಮಾತು ಹುಡುಕುತ್ತಿದ್ದಾರೆ ಎಂದು ನಾನು ಕಾದೆ.

"ಆ ಮೊದಲನೇದು ಒರಟಾ?" ಎಂದರು. "ಅದಕ್ಕೆ ಈ ಮೆತ್ತಗಿರೋದು ಹಾಕಿದ್ರೆ ಏನಾಗತ್ತೆ?"

"ಹೊಸ ಗೀರು ಬೀಳತ್ತೆ ಭಾವ. ಎರಡೂ ದಂಡ."

"ಇಲ್ಲಿ ಕೊಡು."

ನಾನು ಹೇಳುವುದರೊಳಗೆ ಅವರು ಮಿಷನ್ನನ್ನು ಗಾಳಿಯಲ್ಲೇ ಶುರು ಮಾಡಿದರು. ಬಿಳಿ ಪೇಸ್ಟು ಸಿಡಿದು ಅವರ ಅಂಗಿ, ಮೀಸೆ, ಅಕ್ಕನ ರೇಷ್ಮೆ ಸೀರೆ, ಗಿರಿಜಮ್ಮನವರ ಕಾಂಪೌಂಡು, ಎಲ್ಲಕ್ಕೂ ಸಮನಾಗಿ ಹಂಚಿಹೋಯಿತು. ಸಾರಿನ ವರ್ಷಗಳು ನಮ್ಮೆಲ್ಲರ ಕಣ್ಣ ಮುಂದೆ ಹಾದುಹೋದವು. ಭಾವ ಕನ್ನಡಕದ ಪೇಸ್ಟು ಒರೆಸಿಕೊಂಡರು, ಅಂಗಿ ನೋಡಿಕೊಂಡರು, ಮತ್ತೆ ಮಿಷನ್ನು ಹಿಡಿದರು. ಈ ಸಲ ಒತ್ತಿ, ಆಮೇಲೆ ಅದುಮಿದರು.

"ಅಂಚು ಬಿಡಪ್ಪಾ, ಅಂಚು! ಬಣ್ಣ ಕಿತ್ತೋಗತ್ತೆ!" ಎಂದು ಅಮ್ಮ ಅವರ ನೆತ್ತಿಯ ಮೇಲೆಯೇ ಕೂಗಿದಳು.

"ಬಿಟ್ಟೆ ಅತ್ತೆ, ಬಿಟ್ಟೆ" ಎಂದರು ಭಾವ.

ಮಧ್ಯಾಹ್ನದ ಊಟ ಸಂಜೆಗೆ ಆಯಿತು. ಹಿಂದಿನ ಬಾಗಿಲೊಂದು ಮುಗಿದಿತ್ತು, ಮಿಕ್ಕ ಬಾಗಿಲು, ಮೇಲ್ಛಾವಣಿ ಎಲ್ಲ ಬಾಕಿ. ಹೊರಡುವ ಹೊತ್ತಿಗೆ ಭಾವ ಕಾರಿನ ಗಾಜು ಇಳಿಸಿ, ನನ್ನನ್ನು ದಾಟಿ ನೋಡುತ್ತಾ, "ಅತ್ತೆ, ಮಿಕ್ಕಿದ್ದು ಯಾವಾಗ?" ಎಂದರು.

"ಭಾನುವಾರ ಬಾಪ್ಪ" ಎಂದಳು ಅಮ್ಮ ಗೇಟಿಗೆ ಒರಗಿ. "ಬರ್ತಾ ಹಳೇ ಬಟ್ಟೆ ಹಾಕ್ಕೊಂಡು ಬಾ."